ನಿಧಾನವಾಗಿ ಬಂದ ಕಾರು

ನಮ್ಮೂರಿಗೆ ಕಾರು ಬರುತ್ತಿದ್ದುದು ಎರಡೇ ಕಾರಣಕ್ಕೆ. ಒಂದು ಮದುವೆಗೆ, ಇನ್ನೊಂದು ಹೆಣಕ್ಕೆ. ಎಲೆಕ್ಷನ್ನಿಗೆ ಬರುತ್ತಿದ್ದುದು ಜೀಪು, ಅದನ್ನು ನಾವು ಕಾರಿನ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಮದುವೆಯ ಕಾರು ಕೆರೆ ಏರಿಯ ಮೇಲಿಂದಲೇ ಹಾರನ್ ಹೊಡೆದುಕೊಂಡು, ಕೋಳಿಗಳನ್ನು ದಿಕ್ಕಾಪಾಲು ಓಡಿಸಿಕೊಂಡು ಬರುತ್ತಿತ್ತು. ಹೆಣದ ಕಾರು ಹಾರನ್ ಹೊಡೆಯುತ್ತಿರಲಿಲ್ಲ. ಹಗಲಲ್ಲೂ ದೀಪ ಹಾಕಿಕೊಂಡು, ಗ್ಲಾಸು ಏರಿಸಿಕೊಂಡು, ಒಳಗಿರುವವರಿಗೆ ಇನ್ನೂ ನೋವಾಗುತ್ತದೇನೋ ಎಂಬಂತೆ ಹಳ್ಳ ತಪ್ಪಿಸಿ ಮೆಲ್ಲಗೆ ಬರುತ್ತಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದವರು, ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ಉಳಿಯದವರು ಊರಿಗೆ ಬರುತ್ತಿದ್ದುದು ಹಾಗೆಯೇ. ಏರಿಯ ಮೇಲೆ ಅಂಥ ಕಾರು ಕಂಡರೆ ಸಾಕು, ಯಾರ ಮನೆಯದೆಂದು ತಿಳಿಯುವ ಮೊದಲೇ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬೀದಿಗೆ ಬಂದು ನಿಲ್ಲುತ್ತಿದ್ದರು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಊರಿನ ಕೂಸಿಗೂ ಗೊತ್ತಿತ್ತು. ನಮ್ಮಣ್ಣನಿಗೂ ಗೊತ್ತಿರಬೇಕಿತ್ತು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅಲ್ಲೇ.

ನಮ್ಮೂರು ಗಣಿಗೂ ಕ್ಯಾಸಂಬಳ್ಳಿಗೂ ನಡುವೆ ಇದೆ. ಮನೆಯಲ್ಲಿ ರಾಗಿ ಹೊಲ, ಎರಡು ಕರೆಯುವ ಹಸು, ಒಂದು ಎಮ್ಮೆ. ಅಪ್ಪ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ನೆಲದೊಳಗಿನ ಕೆಲಸದಲ್ಲಿದ್ದರು. ಸೈಕಲ್ಲಿನಲ್ಲಿ ಹೋಗಿ, ಕೇಜೆಂಬ ಕಬ್ಬಿಣದ ಪಂಜರದಲ್ಲಿ ಪಾತಾಳಕ್ಕಿಳಿದು, ಪಾಳಿ ಮುಗಿಸಿ ಮತ್ತೆ ಸೈಕಲ್ಲಿನಲ್ಲಿ ಬಂದು ಹಸುವಿಗೆ ಹುಲ್ಲು ಹಾಕುತ್ತಿದ್ದ ಮನುಷ್ಯ. ನಾನು ಲಂಗ ದಾವಣಿ ಉಟ್ಟು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಹೋಗುತ್ತಿದ್ದಾಗ ಅವರಿಗೆ ಜ್ವರ ಹಿಡಿಯಿತು. ಕೆಮ್ಮು ಮೊದಲೇ ಇತ್ತು, ಗಣಿಯವರಲ್ಲಿ ಕೆಮ್ಮದವರು ಯಾರು? ಆದರೆ ಈ ಸಲ ಉಸಿರೇ ಸಿಗದಂತಾಯಿತು. ಗಣಿಯ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಎದೆಯಲ್ಲಿ ನೀರು ತುಂಬಿದೆ, ತೆಗೆಯಬೇಕು ಎಂದರು. ಎದೆಯಲ್ಲಿ ನೀರೆಂದರೆ ಏನೆಂದು ಅಮ್ಮನಿಗೆ ಅರ್ಥವಾಗಲಿಲ್ಲ, ಅವಳನ್ನು ಹೆದರಿಸಿದ್ದು ಅದೇ. ಎಮ್ಮೆ ಈಯುವ ದಿನ ಹತ್ತಿರ ಬಂದಿದ್ದರಿಂದ ಮನೆ ಬಿಟ್ಟು ಕದಲುವಂತೆಯೂ ಇರಲಿಲ್ಲ. ದಿನಾ ಮುದ್ದೆ ಸಾರು ಕಟ್ಟಿಕೊಟ್ಟು ನನ್ನನ್ನೋ ಅಣ್ಣನನ್ನೋ ಕಳಿಸುತ್ತಿದ್ದಳು. ನಾವು ಹಿಂದಿರುಗಿದಾಗ ಬಾಗಿಲಲ್ಲೇ ನಿಂತು ಕೇಳುತ್ತಿದ್ದುದು ಒಂದೇ, ಮಾತಾಡಿದರಾ ಎಂದು.

ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಗೋತಾ ಹೊಡೆದು ಬಂಗಾರಪೇಟೆಯ ಮೆಕ್ಯಾನಿಕ್ ಶೆಡ್ಡೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಬೆಳಿಗ್ಗೆ ಮಾರಿಕುಪ್ಪಂ ರೈಲು ಹಿಡಿದರೆ ಸಂಜೆ ಗ್ರೀಸು ಮೆತ್ತಿಕೊಂಡು ಬರುತ್ತಿದ್ದ. ಕೈ ಕಪ್ಪಾದರೂ ತಲೆ ಮಾತ್ರ ಎಣ್ಣೆ ಹಚ್ಚಿ ಎತ್ತರಕ್ಕೆ ಬಾಚಿರುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಅತ್ತೆ ಅವನನ್ನು ಅನ್ನದ ದಿನವಿಲ್ಲ. ಅತ್ತೆ ಎಂದರೆ ಅಪ್ಪನ ಅಕ್ಕ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಇದ್ದವಳು. ಬರಿಗೈಯಲ್ಲಿ ಬದುಕಿದವಳು, ಹಾಗಾಗಿ ಬಳೆಯ ವಿಷಯದಲ್ಲಿ ಅವಳದೇ ಕೊನೆಯ ಮಾತು.

ಅಣ್ಣನಿಗೆ ರೈಲಿನಲ್ಲಿ ಒಬ್ಬ ಗೆಳೆಯ ಸಿಕ್ಕಿದ್ದ. ಚಾಂಪಿಯನ್ನಿನ ಗಣಿ ಕೆಲಸಗಾರರ ಲೈನ್ ಮನೆಯ ಹುಡುಗ, ಮನೆಯಲ್ಲಿ ತಮಿಳು, ನಮ್ಮೊಂದಿಗೆ ಕನ್ನಡ, ಹಾಡುವಾಗ ಇಂಗ್ಲಿಷು. ಅವನ ಬಳಿ ಒಂದು ಗಿಟಾರ್ ಇತ್ತು. ಅದನ್ನು ಬಿಟ್ಟು ಅವನು ಕಕ್ಕಸಿಗಾದರೂ ಹೋಗುತ್ತಿದ್ದನೋ ಇಲ್ಲವೋ, ನನಗೆ ಅನುಮಾನ. ಒಂದು ಭಾನುವಾರ ನಾನೂ ಅಣ್ಣನೂ ಅಪ್ಪನಿಗೆ ಊಟ ಕೊಟ್ಟು ಹೊರಗೆ ಬಂದಾಗ ಈ ಹುಡುಗ ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದ. ಗಣಿ ಕಂಪನಿಯ ಹಾಲ್‌ನಲ್ಲಿ ಇಂಗ್ಲಿಷ್ ಸಿನಿಮಾ ಇದೆ, ತನಗೆ ಗುರುತಿನವರು ಒಳಗೆ ಬಿಡುತ್ತಾರೆ ಎಂದ. ಅಪ್ಪ ಅಲ್ಲಿ ಉಸಿರಿಗೆ ಒದ್ದಾಡುತ್ತಿರುವಾಗ ಸಿನಿಮಾ ಏನೆಂದು ನಾನು ಸಿಡುಕಿದೆ. ಆಮೇಲೆ ನಾನೇ ಮೊದಲು ಹೋಗಿ ಕುಳಿತೆ.

ಆ ಸಿನಿಮಾ ನೋಡಿ ನನಗೆ ಆದ ಆಘಾತವನ್ನು ಹೇಗೆ ಹೇಳಲಿ? ಅಮೆರಿಕದ ಯಾವುದೋ ಊರು. ನನ್ನ ವಯಸ್ಸಿನ ಹುಡುಗ ಹುಡುಗಿಯರೇ ಕಾರು ಓಡಿಸುತ್ತಾರೆ. ಅಪ್ಪನಿಲ್ಲ, ಅಮ್ಮನಿಲ್ಲ, ಕೇಳುವವರೇ ಇಲ್ಲ. ಹುಡುಗಿಯೊಬ್ಬಳು ಕಾರಿನ ಬಾನೆಟ್ಟಿನ ಮೇಲೆ ಕಾಲು ಇಳಿಬಿಟ್ಟು ಕುಳಿತು, ಹುಡುಗನ ಕೈಯಿಂದ ಸಿಗರೇಟು ಕಿತ್ತುಕೊಂಡು ಸೇದಿದಳು. ನಾನು ಕಣ್ಣು ಮುಚ್ಚಿಕೊಂಡೆ, ಬೆರಳ ಸಂದಿಯಲ್ಲಿ ನೋಡಿದೆ. ಒಂದು ಶೆಡ್ಡಿನಲ್ಲಿ ನಾಲ್ಕು ಹುಡುಗರು ಡ್ರಮ್ಮು, ಗಿಟಾರು ಬಾರಿಸಿ ಕಿರುಚುತ್ತಿದ್ದರು. ಕಿರುಚಿ ಮುಗಿದ ಮೇಲೆ ಕಾರು ಹತ್ತುತ್ತಿದ್ದರು. ಹತ್ತಿ ಎಲ್ಲಿಗೂ ಹೋಗುತ್ತಿರಲಿಲ್ಲ. ಬೀದಿಯ ಈ ಕೊನೆಯಿಂದ ಆ ಕೊನೆಗೆ, ಆ ಕೊನೆಯಿಂದ ಈ ಕೊನೆಗೆ, ಮೆರವಣಿಗೆಯಂತೆ ಮೆಲ್ಲಗೆ. ದೀಪ ಹಾಕಿಕೊಂಡು, ಒಳಗೆ ಹಾಡು ಹಾಕಿಕೊಂಡು. ಇವರ ಮನೆಯಲ್ಲಿ ಹಾಲು ಕರೆಯುವವರು ಯಾರು ಎಂದು ನನಗೆ ಚಿಂತೆಯಾಯಿತು.

ಅಷ್ಟು ಒಳ್ಳೆಯ ಕಾರಿಟ್ಟುಕೊಂಡು ಅಷ್ಟು ನಿಧಾನ ಯಾಕೆ ಹೋಗುತ್ತಾರೆ ಎಂದು ಅಣ್ಣನನ್ನು ಕೇಳಿದೆ. ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಿದಾನಕ್ಕೋದ್ರೆ ತಾನೇ ಎಲ್ರೂ ನೋಡೋದು," ಎಂದ.

ಸಿನಿಮಾ ಮುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಯಾಕೆಂದು ನನಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ದಾರಿಯುದ್ದಕ್ಕೂ ಸೈಕಲ್ ತುಳಿಯುತ್ತ ಬಾಯಲ್ಲಿ ಡ್ರಮ್ಮು ಬಾರಿಸಿದ.

ಆ ದಿನಗಳಲ್ಲೇ ಅವನ ಶೆಡ್ಡಿಗೆ ಒಂದು ಹಳೆಯ ಕಾರು ಬಂದಿತ್ತು. ಗಣಿಯ ಬಿಳಿ ದೊರೆಗಳು ತಮ್ಮ ದೇಶಕ್ಕೆ ಹೋಗುವಾಗ ಬಿಟ್ಟುಹೋದದ್ದು, ಕೈಯಿಂದ ಕೈಗೆ ಹೋಗಿ ಕೊನೆಗೆ ಶೆಡ್ಡಿನ ಯಜಮಾನನ ಪಾಲಿಗೆ ಬಿದ್ದದ್ದು. ಅದರ ಎಂಜಿನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟಿದ್ದರಲ್ಲಿ ಅಣ್ಣನ ಕೈಯೂ ಇತ್ತು. ಹಾಗೆ ಬಿಚ್ಚಿ ಕಟ್ಟಿದ ಗಾಡಿಯನ್ನು ಮೊದಮೊದಲು ಜೋರಾಗಿ ಓಡಿಸಬಾರದಂತೆ, ಒಳಗಿನ ಹೊಸ ಸಾಮಾನು ಒಂದಕ್ಕೊಂದು ಹೊಂದಿಕೊಳ್ಳುವ ತನಕ ಮೆಲ್ಲಗೆ ಓಡಿಸಬೇಕಂತೆ. ಯಜಮಾನ ಅಣ್ಣನ ಕೈಗೆ ಕೀ ಕೊಟ್ಟು, ನಿಮ್ಮ ಊರಿನ ತನಕ ಓಡಿಸಿಕೊಂಡು ಬಾ, ಜೋರು ಮಾಡಿದರೆ ಚರ್ಮ ಸುಲಿಯುತ್ತೇನೆ ಎಂದನಂತೆ. ಕುಣಿಯುವವನಿಗೆ ತಮಟೆಯೂ ಸಿಕ್ಕಂತಾಯಿತು.

ಅಣ್ಣ ಯೋಚಿಸಿದ್ದೇನು ಕೆಟ್ಟದ್ದಲ್ಲ. ಅಮ್ಮ ಜೀವಮಾನದಲ್ಲಿ ಕಾರು ಹತ್ತಿದವಳಲ್ಲ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಅವರ ಮುಖ ನೋಡಿದವಳೂ ಅಲ್ಲ. ಎಮ್ಮೆ ಹಿಂದಿನ ರಾತ್ರಿಯೇ ಈದಿತ್ತು. ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಅಪ್ಪನ ಮುಂದೆ ಇಳಿಸಬೇಕು, ಇಬ್ಬರೂ ಬೆರಗಾಗಬೇಕು ಎಂದು ಅವನಾಸೆ. ಗೆಳೆಯನನ್ನೂ ಕರೆದುಕೊಂಡ. ಗೆಳೆಯ ಟೇಪ್ ರೆಕಾರ್ಡರ್ ತಂದ, ಗಿಟಾರನ್ನೂ ತಂದ. ನಮ್ಮ ದಾರಿಯ ಕೆಂಪು ಧೂಳಿಗೆ ಹೆದರಿ ಗಿಟಾರಿಗೆ ಬಿಳಿ ದುಪ್ಪಟಿ ಸುತ್ತಿ ಹಿಂದಿನ ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿದ. ಟೇಪಿಗೆ ಧೂಳು ಬೀಳಬಾರದೆಂದು ಗ್ಲಾಸು ಏರಿಸಿದ. ಸಿನಿಮಾದಲ್ಲಿದ್ದಂತೆ ಅಣ್ಣ ದೀಪ ಹಾಕಿದ.

ಹೊತ್ತು ಇಳಿಯುತ್ತಿತ್ತು. ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅಮ್ಮ ಕರುವಿನ ಬಳಿ ಇದ್ದಳು. ಕೆರೆ ಕಡೆಯಿಂದ ಅತ್ತೆ ಹುಲ್ಲಿನ ಹೊರೆ ಬಿಸಾಕಿ ಓಡಿ ಬಂದಳು. ಓಡಿದ್ದನ್ನು ನಾನು ಎಂದೂ ನೋಡದ ಹೆಂಗಸು. ಏರಿಯ ಕಡೆ ಕೈ ತೋರಿಸಿದಳು. ಬರುತ್ತಿತ್ತು ಕಾರು. ದೀಪ ಹಾಕಿಕೊಂಡು, ಗ್ಲಾಸು ಏರಿಸಿಕೊಂಡು, ಹಳ್ಳ ತಪ್ಪಿಸಿ, ಮೆಲ್ಲಗೆ. ಅದರೊಳಗಿಂದ ಧಡ್ ಧಡ್ ಎಂದು ತಮಟೆಯ ಸದ್ದು. ಗ್ಲಾಸು ಮುಚ್ಚಿದ್ದರಿಂದ ಹಾಡು ಒಳಗೇ ಉಳಿದು ಡ್ರಮ್ಮಿನ ಪೆಟ್ಟು ಮಾತ್ರ ಹೊರಗೆ ಬರುತ್ತಿತ್ತು ಎಂದು ಆಗ ಯಾರಿಗೆ ಗೊತ್ತು? ನಮ್ಮ ಕಡೆ ಸಾವಿಗೆ ಬಡಿಯುವ ತಮಟೆ ಹಾಗೆಯೇ ಕೇಳುವುದು.

ಬೀದಿಯ ಹೆಂಗಸರೆಲ್ಲ ಹೊರಗೆ ಬಂದರು. ಕಾರು ನಮ್ಮ ಮನೆಯ ಕಡೆಗೇ ತಿರುಗಿತು. ಮುಂದಿನ ಸೀಟಿನಲ್ಲಿ ಅಣ್ಣನ ಮುಖ ಕಂಡಿತು. ಹಿಂದಿನ ಸೀಟಿನಲ್ಲಿ ಬಿಳಿ ಬಟ್ಟೆ ಸುತ್ತಿದ್ದು ಕಂಡಿತು. ನನ್ನ ಕೈಯಲ್ಲಿದ್ದ ಮೊರ ಜಾರಿ ಅವರೆಕಾಳು ಅಂಗಳದ ತುಂಬ ಚೆಲ್ಲಿತು. ಅಮ್ಮ ಕೊಟ್ಟಿಗೆಯಿಂದ ಬಂದವಳು ಒಂದು ಸಲ ಮಾತ್ರ ನೋಡಿದಳು. ಕಿರುಚಲಿಲ್ಲ. ಬಾಗಿಲ ಬಳಿ ಹೋಗಿ ಎರಡೂ ಕೈಗಳನ್ನು ದಾರಂದಕ್ಕೆ ಬಡಿದಳು. ಮತ್ತೆ ಬಡಿದಳು. ಹಸಿರು ಬಳೆಗಳೆಲ್ಲ ಚೂರುಚೂರಾಗಿ ಹೊಸಲಿನ ಮೇಲೆ ಬಿದ್ದವು. ತೋಳಿನಿಂದ ಹಣೆ ಒರೆಸಿಕೊಂಡಳು, ಕುಂಕುಮವೂ ಕೈಯ ರಕ್ತವೂ ಒಂದಾಗಿ ಮುಖಕ್ಕೆ ಮೆತ್ತಿತು. ಅತ್ತೆ ಅವಳನ್ನು ಬಾಚಿ ತಬ್ಬಿ, ನನ್ನ ಸಾಲಿಗೇ ಬಂದೆಯಲ್ಲ ನನ್ನವ್ವ ಎಂದು ರಾಗ ತೆಗೆದಳು.

ಆಗ ಕಾರು ನಿಂತು ಬಾಗಿಲು ತೆರೆಯಿತು. ಗಿಟಾರು, ಕೂಗಾಟ, ಕಿರುಚಾಟ ಎಲ್ಲ ಒಮ್ಮೆಲೇ ಅಂಗಳಕ್ಕೆ ನುಗ್ಗಿತು. ಅಣ್ಣ ಕೂದಲು ಸರಿಮಾಡಿಕೊಳ್ಳುತ್ತ ಇಳಿದ. ಮುಖದ ತುಂಬ ನಗು.

"ಅಮ್ಮಾ, ಬಾ, ಅಪ್ಪುನ್ನ ನೋಡ್ಕಂಬರಾನ," ಎಂದ.

ಹಾಗೆಂದವನು ಅಮ್ಮನ ಕೈ ನೋಡಿದ. ಹೊಸಲಿನ ಮೇಲಿನ ಗಾಜು ನೋಡಿದ. ಈಗ ನಾನು ಹೇಳುವುದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಅವನು ಮಧ್ಯಾಹ್ನ ತಾನೇ ಅಪ್ಪನನ್ನು ನೋಡಿಕೊಂಡು ಬಂದಿದ್ದ. ಆದರೂ ತಾನು ಮೆಲ್ಲಗೆ ಬರುವಷ್ಟರಲ್ಲಿ ಅಪ್ಪ ತೀರಿಕೊಂಡು, ಸುದ್ದಿ ತನಗಿಂತ ಮುಂಚೆ ಊರು ಸೇರಿದೆ ಎಂದುಕೊಂಡ. ಬಳೆ ಒಡೆದ ಅಮ್ಮನನ್ನು ಕಂಡ ಮಗ ಇನ್ನೇನು ಅಂದುಕೊಳ್ಳಬೇಕು? ಅಲ್ಲೇ ನೆಲದ ಮೇಲೆ ಕುಸಿದು, ಅಪ್ಪಾ ಎಂದು ಮಣ್ಣಿಗೆ ತಲೆ ಚಚ್ಚಿಕೊಂಡ. ಅವನು ಅತ್ತದ್ದು ನೋಡಿ ಅಮ್ಮನಿಗೆ ಉಳಿದಿದ್ದ ಅನುಮಾನವೂ ಹೋಯಿತು. ಅಮ್ಮನನ್ನು ನೋಡಿ ಅವನು, ಅವನನ್ನು ನೋಡಿ ಅಮ್ಮ, ಇಬ್ಬರನ್ನೂ ನೋಡಿ ಇಡೀ ಬೀದಿ ಅತ್ತಿತು. ಬದುಕಿರುವ ಮನುಷ್ಯನಿಗೆ ನಮ್ಮೂರು ಅಷ್ಟು ಚೆನ್ನಾಗಿ ಅತ್ತದ್ದು ಅದೊಂದೇ ಸಲ. ಕಾರಿನೊಳಗೆ ಅಮೆರಿಕದವನು ಕಿರುಚುತ್ತಲೇ ಇದ್ದ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ, ದುಃಖ ಬರಬೇಕಾದ ಕಡೆ ಸಿಟ್ಟು ಮುಂದಾಗಿ ಬರುತ್ತದೆ. ಅಪ್ಪ ಸತ್ತಿದ್ದರೆ ಅಪ್ಪನ ಮುಖವನ್ನಾದರೂ ನೋಡುತ್ತೇನೆ, ಈ ಪಾಟಿ ಗಲಾಟೆಯ ನಡುವೆ ಅವರನ್ನು ಒಬ್ಬರನ್ನೇ ಯಾಕೆ ಬಿಡಬೇಕು ಎಂದು ಹೋಗಿ ಹಿಂದಿನ ಬಾಗಿಲು ಎಳೆದು ದುಪ್ಪಟಿ ಕಿತ್ತೆ. ಗಿಟಾರು. ಬೆರಳು ತಗುಲಿ ಅದು ಝಂಯ್ ಎಂದಿತು. ನಮ್ಮಪ್ಪ ಎಲ್ಲಿ ಎಂದು ಅರಚಿದೆ. ಕಾರಿಗೆ ಅಂಟಿಕೊಂಡು ನಿಂತಿದ್ದ ಆ ಗೆಳೆಯ ಹುಡುಗ ಕನ್ನಡ ಪೂರ್ತಿ ಮರೆತೇಬಿಟ್ಟಿದ್ದ.

"ಅಪ್ಪಾ ನಲ್ಲಾ ಇರುಕ್ಕಾರ್ ಅಕ್ಕಾ," ಎಂದ. ಆಮೇಲೆ ಕನ್ನಡ ಹುಡುಕಿಕೊಂಡು, "ಚೆನ್ನಾಗವ್ರೆ. ಎದೆ ನೀರು ತೆಗ್ದಾಯ್ತು. ಕಾಫಿ ಕುಡೀತಿದ್ರು," ಎಂದ.

ಅಷ್ಟು ಹೊತ್ತು ಯಾರೂ ಮುಟ್ಟದ ಟೇಪನ್ನು ಆಗ ಅವನೇ ನಿಲ್ಲಿಸಿದ. ಬೀದಿಯವರು ಒಬ್ಬೊಬ್ಬರೇ ಕಣ್ಣು ಒರೆಸಿಕೊಂಡು ಅಮ್ಮನ ಕೈಯ ಕಡೆ ನೋಡತೊಡಗಿದರು. ಗಂಡ ಬದುಕಿದ್ದಾನೆ, ಹೆಂಡತಿ ಬಳೆ ಒಡೆದುಕೊಂಡು ನಿಂತಿದ್ದಾಳೆ. ಇಂಥದ್ದಕ್ಕೆ ಏನು ಮಾಡಬೇಕೆಂದು ಯಾವ ಶಾಸ್ತ್ರದಲ್ಲಿದೆ? ಅತ್ತೆ ಎದ್ದು ಅಮ್ಮನ ದಾರಿಗೆ ಅಡ್ಡ ನಿಂತಳು. ಬರಿಗೈಯನ್ನು ಗಂಡನಿಗೆ ತೋರಿಸಿದರೆ ಅವನ ಆಯಸ್ಸಿಗೇ ಕುತ್ತು, ಬಳೆಗಾರ ಬಂದು ಬಳೆ ಇಡುವ ತನಕ ಹೊಸಲು ದಾಟಬೇಡ ಎಂದಳು. ಕೈಗೆ ಅರಿಶಿನದ ದಾರವನ್ನಾದರೂ ಕಟ್ಟಿಕೊಂಡು ಹೋಗಲಿ ಎಂದರು ಕೆಲವರು. ಬೇಡವೇ ಬೇಡ ಎಂದರು ಇನ್ನು ಕೆಲವರು. ಅಮ್ಮ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಬೇಕಾಗಿದ್ದುದು ಒಂದೇ, ಗಂಡನ ಉಸಿರು ಕಣ್ಣಾರೆ ಕಾಣಬೇಕು. ಗೆಳೆಯ ಹೇಳಿದ್ದನ್ನು ಅವಳು ನಂಬಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಪೂರ್ತಿ ನಂಬಿರಲಿಲ್ಲ.

ಅಮ್ಮ ಕಾರು ಹತ್ತಿದಳು, ಜೊತೆಗೆ ನಾನು. ಹಿಂದೆ ಜಾಗ ಸಾಲದೆ ಗಿಟಾರನ್ನು ದುಪ್ಪಟಿ ಸಮೇತ ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ಮಣಿಕಟ್ಟಿನ ರಕ್ತ ಆ ಬಿಳಿ ದುಪ್ಪಟಿಗೆ ಅಂಟಿತು. ಜೀವನದಲ್ಲಿ ಮೊದಲ ಸಲ ಕಾರು ಹತ್ತಿದವಳು ಕಿಟಕಿಯಾಚೆ ಏನನ್ನೂ ನೋಡಲಿಲ್ಲ. ಅಣ್ಣ ಅಭ್ಯಾಸಬಲದಿಂದ ಮೆಲ್ಲಗೆ ಹೊರಟ.

"ಜೋರಾಗಿ ಓಡ್ಸ್ಲಾ," ಎಂದಳು ಅಮ್ಮ. "ಆರನ್ ಒಡೀತಾ ಓಗು."

ಯಜಮಾನನ ಮಾತು, ಎಂಜಿನ್ನಿನ ಹೊಸ ಸಾಮಾನು ಎಲ್ಲ ಗಾಳಿಗೆ ಹೋಯಿತು. ಮದುವೆ ದಿಬ್ಬಣದಂತೆ ಹಾರನ್ ಹೊಡೆದುಕೊಂಡು ಹೋದೆವು.

ಅಪ್ಪ ದಿಂಬಿಗೆ ಒರಗಿ ಕುಳಿತಿದ್ದರು. ಬದುಕಿದ್ದರು. ಮೈ ಇಳಿದಿತ್ತು, ಆದರೆ ಕಣ್ಣಲ್ಲಿ ಜೀವವಿತ್ತು. ಅಮ್ಮ ಮಂಚದ ಕಾಲ ಬಳಿ ನಿಂತಳು, ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು. ಅಪ್ಪ ಅವಳನ್ನೇ ನೋಡಿದರು. ಒರೆಸಿಹೋದ ಹಣೆ ನೋಡಿದರು. ಅಣ್ಣನ ಮುಖದ ಮಣ್ಣು ನೋಡಿದರು. ಕೈ ಚಾಚಿ ಅವಳ ಸೆರಗು ಸರಿಸಿದರು. ಗಣಿಯಲ್ಲಿ ಅಷ್ಟು ವರ್ಷ ದುಡಿದವರಿಗೆ, ಅಷ್ಟು ಮನೆಯ ಸಾವಿಗೆ ಹೋಗಿ ನಿಂತವರಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

"ನಾನ್ ಯಾವಾಗಮ್ಮಿ ಸತ್ತೋದೆ?" ಎಂದರು.

ಅಮ್ಮ ಆಗ ಅತ್ತಳು. ಅಂಗಳದಲ್ಲಿ ಅಳದಿದ್ದುದೆಲ್ಲ ಸೇರಿಸಿ ಅತ್ತಳು. ಅಣ್ಣ ಬಿಕ್ಕಿಬಿಕ್ಕಿ ಕಾರಿನ ಕಥೆ, ಸಿನಿಮಾದ ಕಥೆ ಎಲ್ಲ ಒಪ್ಪಿಸಿದ. ಅಪ್ಪ ನಕ್ಕರು, ನಕ್ಕು ಕೆಮ್ಮಿದರು, ಕೆಮ್ಮು ಕೇಳಿ ನರ್ಸು ಬಂದು ನಮ್ಮೆಲ್ಲರನ್ನೂ ಬೈದಳು. ಬೈದವಳೇ ಅಮ್ಮನ ಕೈ ನೋಡಿ ಗಾಜು ತೆಗೆದು ಔಷಧಿ ಹಚ್ಚಿದಳು. ಹಚ್ಚುವ ತನಕ ಅಪ್ಪ ಆ ಕೈಯನ್ನು ಹಿಡಿದೇ ಇದ್ದರು. ಜನರ ಮುಂದೆ ಅವರು ಅಮ್ಮನ ಕೈ ಹಿಡಿದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಓಗ್ಲಿ ಬಿಡು," ಎಂದರು. "ನನ್ ಪಾಲಿನ ಬಳೆ ಒಡ್ದಾಯ್ತು. ಇನ್ಮೇಕೆ ನೀ ಇಕ್ಕಳಾ ಬಳೆ ನಿಂದೇಯ."

ಅಪ್ಪ ತಮಾಷೆಗೆ ಹೇಳಿದ್ದು, ನಾವು ತಮಾಷೆಗೆ ಕೇಳಿದ್ದು. ಅವರು ವಾಸಿಯಾಗಿ ಮನೆಗೆ ಬಂದ ಮೇಲೆ ಬಂಗಾರಪೇಟೆಯ ಸಂತೆಗೆ ಅಮ್ಮನನ್ನು ಕರೆದುಕೊಂಡು ಹೋಗಿ, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು ಎರಡೂ ಕೈ ತುಂಬ ಬಳೆ ಇಡಿಸಿದರು. ಅಮ್ಮ ಅಣ್ಣನಿಗೆ ಒಂದು ಆಜ್ಞೆ ಮಾಡಿದಳು. ಏರಿಯ ಮೇಲೆ ಬಂದ ಕೂಡಲೇ ಹಾರನ್ ಹೊಡೆಯಬೇಕು, ಹೊಡೆಯದೆ ಊರಿನೊಳಗೆ ಗಾಡಿ ತರಬಾರದು. ಅಣ್ಣ ಮುಂದೆ ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಸ್ವಂತ ಟ್ಯಾಕ್ಸಿ ಇಟ್ಟ. ಗೆಳೆಯ ಗಿಟಾರು ಎತ್ತಿಕೊಂಡು ಮದ್ರಾಸಿನ ಕಡೆ ಹೋದ. ಅಣ್ಣನ ಹಾರನ್ ಮಾತ್ರ ಎಂದೂ ತಪ್ಪಲಿಲ್ಲ. ಅದು ಕೇಳಿದರೆ ಅಮ್ಮ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು.

ಎಷ್ಟೋ ವರ್ಷ ಕಳೆಯಿತು. ನನಗೆ ಮದುವೆಯಾಗಿ ಮಕ್ಕಳಾದರು. ಅಪ್ಪನ ಎದೆಗಿಳಿದಿದ್ದ ಗಣಿಯ ಧೂಳು ಅವರನ್ನು ಬಿಡಲಿಲ್ಲ, ಮತ್ತೆ ಉಸಿರು ಹಿಡಿಯಿತು. ಅಣ್ಣನೂ ನಾನೂ ಅವರನ್ನು ಟ್ಯಾಕ್ಸಿಯಲ್ಲೇ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಸುಧಾರಿಸಿದ್ದಾರೆ, ನಾಳೆ ಕರೆತರುತ್ತೇವೆ ಎಂದು ಅಮ್ಮನಿಗೆ ಹೇಳಿ ಕಳಿಸಿದೆವು. ಆ ನಾಳೆಯ ಬೆಳಿಗ್ಗೆ ಅಪ್ಪ ಹೋಗಿಬಿಟ್ಟರು. ಬಿಳಿ ಬಟ್ಟೆಯಲ್ಲಿ ಸುತ್ತಿಕೊಟ್ಟರು. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು.

ಏರಿಯ ಮೇಲೆ ಬಂದಾಗ ಅಣ್ಣ ಗಾಡಿ ನಿಲ್ಲಿಸಿದ. ಸ್ಟೀರಿಂಗಿಗೆ ಹಣೆ ಹಚ್ಚಿಕೊಂಡ.

"ಆರನ್ ಒಡೀಲೇನೇ?" ಎಂದು ನನ್ನನ್ನು ಕೇಳಿದ.

ಹೊಡೆಯದಿದ್ದರೆ ಅವಳಿಗೆ ಅಲ್ಲಿಂದಲೇ ತಿಳಿಯುತ್ತದೆ. ಹೊಡೆದರೆ ಸುಳ್ಳು. ಅವನು ಹೊಡೆದ. ಹೊಡೆಯುತ್ತಲೇ ಮನೆಯ ತನಕ ಬಂದ, ಕೈ ತೆಗೆಯಲೇ ಇಲ್ಲ. ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ, ನಗುತ್ತ ಹೊರಗೆ ಬಂದಳು. ಅಪ್ಪ ಕೂರುವ ಜಾಗಕ್ಕೆ ಚಾಪೆ ಹಾಸಿಟ್ಟಿದ್ದಳು. ಆ ನಗು ಅವಳ ಮುಖದಿಂದ ಇಳಿಯುವುದನ್ನು ನಾನು ಕಾರಿನೊಳಗಿಂದ ನೋಡಿದೆ. ಆ ಹೊಡೆತದಿಂದ ನಾನು ಇನ್ನೂ ಚೇತರಿಸಿಕೊಂಡಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಊರಿನ ಮುತ್ತೈದೆಯರನ್ನು ದೂರ ಕಳಿಸಿ, ಗಂಡನಿಲ್ಲದ ಹೆಂಗಸರು ಅಮ್ಮನ ಸುತ್ತ ಕುಳಿತರು. ಮುತ್ತೈದೆಯಾದ ನನ್ನನ್ನೂ ಕಳಿಸಿದ್ದರು, ನಾನು ಕದದ ಸಂದಿಯಿಂದ ನೋಡಿದೆ. ಅತ್ತೆಗೆ ಆಗ ಬೆನ್ನು ಬಾಗಿತ್ತು, ಕಣ್ಣು ಮಂದವಾಗಿತ್ತು, ಆದರೂ ಈ ಕೆಲಸ ಅವಳದೇ. ಅಮ್ಮನ ಬಲಗೈ ತಡವಿ ಹಿಡಿದುಕೊಂಡು ನೆಲಕ್ಕೆ ತಂದಳು. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ನಾಚಿಕೆಯೋ ದುಃಖವೋ ಎಂದುಕೊಂಡು ಅತ್ತೆ ಮತ್ತೆ ಹಿಡಿದಳು. ಅಮ್ಮ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ತಲೆ ಎತ್ತಿದಳು. ಅವಳು ಅಳುತ್ತಿರಲಿಲ್ಲ.

"ಅವರ್ ಪಾಲಿಂದು ಅವತ್ತೇ ಒಡ್ಕಂಡಿವ್ನಿ ಅತ್ಗೆ," ಎಂದಳು. "ನೀನೇ ನೋಡಿದ್ಯಲ್ಲ. ಇವು ನನ್ನವು."

ಅತ್ತೆ ಮಡಿಲಿನ ತನಕ ಕೈ ಚಾಚಿದಳು. ಆ ಬರಿಗೈ ಅಮ್ಮನ ಬಳೆಯ ಮೇಲೆ ಸ್ವಲ್ಪ ಹೊತ್ತು ಇದ್ದು, ಆಮೇಲೆ ತಾನಾಗಿಯೇ ಕೆಳಗಿಳಿಯಿತು.